ಚಟ್ಟಿ ನೀರಿನಿಂದ ಗಿಡ್ಡ ದನದವರೆಗೆ: ಪ್ರಾಣಿ-ಪಕ್ಷಿಗಳ ಜೊತೆ ಮನಸ್ಸು ಹಗುರ ಮಾಡಿಕೊಳ್ಳುವ ದಾರಿ

ನಮ್ಮ ಚಿಕ್ಕಮ್ಮನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಬಸ್ಸಿಳಿದು ಒಳಗೆ ನಡೆದರೆ ಅಡಿಕೆ ತೋಟದ ನಡುವೆ ಇದೆ. ಚಿಕ್ಕಪ್ಪ ತೀರಿಹೋದ ಮೇಲೆ ಅಲ್ಲಿ ಅವರೊಬ್ಬರೇ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ದಿನಾ ಫೋನ್ ಬರುತ್ತದೆ. ದುಡ್ಡಿಗೂ ತೊಂದರೆ ಇಲ್ಲ. ಆದರೂ ಚಿಕ್ಕಮ್ಮ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳುವುದನ್ನೇ ಬಿಟ್ಟಿದ್ದರು. "ಎದ್ದು ಎಂತ ಮಾಡುವುದು ಮಾರಾಯ, ಒಬ್ಬಳಿಗೆ ಒಂದು ಲೋಟ ಕಾಫಿ ಮಾಡಲಿಕ್ಕಾ?" ಅಂತ ಒಮ್ಮೆ ನನ್ನನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಐದೂವರೆಗೆ ಏಳುತ್ತಾರೆ. ಏಳದಿದ್ದರೆ ಹಟ್ಟಿಯಲ್ಲಿ ದನ ಕೂಗುತ್ತದೆ, ಇತ್ತ ನಾಯಿ ಬಾಗಿಲು ಕೆರೆಯುತ್ತದೆ.

ಸಾಕುಪ್ರಾಣಿ ಪ್ರೀತಿ ಕೊಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ನಾನು ಹತ್ತಿರದಿಂದ ನೋಡಿದ ಮಟ್ಟಿಗೆ ಅದು ಮೊದಲು ಕೊಡುವುದು ಕೆಲಸ. ನಿಮಗಾಗಿ ಕಾಯುವ, ನಾಳೆಗೆ ಮುಂದೂಡಲು ಆಗದ ಒಂದು ಚಿಕ್ಕ ಕೆಲಸ. ಪ್ರೀತಿ ಅದರ ಬೆನ್ನಿಗೇ ಬರುತ್ತದೆ. ಆದರೆ ಚಿಕ್ಕಮ್ಮ ನೇರ ದನ ತಂದು ಕಟ್ಟಿದ್ದಲ್ಲ. ಶುರುವಾದದ್ದು ಒಂದು ಚಟ್ಟಿ ನೀರಿನಿಂದ. ಅದೇ ಕ್ರಮದಲ್ಲಿ ನಿಮಗೂ ಹೇಳುತ್ತೇನೆ.

ಮೊದಲು ಸುಮ್ನೆ ಕೂತುಕೊಳ್ಳಿ

ಮನೆಗೆ ಏನನ್ನೂ ತರುವ ಮೊದಲು ಹದಿನೈದು ದಿನ ಬೆಳಿಗ್ಗೆ ಕಾಲು ಗಂಟೆ ಜಗಲಿಯಲ್ಲೋ ಅಂಗಳದ ಮೂಲೆಯಲ್ಲೋ ಕೂತುಕೊಳ್ಳಿ. ಆರೂವರೆಯಿಂದ ಏಳೂವರೆ ಒಳ್ಳೆಯ ಹೊತ್ತು. ಫೋನ್ ಒಳಗಿರಲಿ. ಕಾಫಿ ಕೈಯಲ್ಲಿರಲಿ, ಅದಕ್ಕೆ ಅಡ್ಡಿ ಇಲ್ಲ.

ಮೊದಲ ಎರಡು ಮೂರು ದಿನ ಕಾಗೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬೋರ್ ಆಗುತ್ತದೆ. ನಾಲ್ಕನೇ ದಿನಕ್ಕೆ ಕಿವಿ ಬಿಡಿಸಿಕೊಳ್ಳುತ್ತದೆ. ತಂತಿಯ ಮೇಲೆ ಮಡಿವಾಳ ಹಕ್ಕಿಯ ಸಿಳ್ಳೆ, ದಾಸವಾಳದ ಗಿಡದಲ್ಲಿ ಸೂರಕ್ಕಿಯ ಚಿಕ್ ಚಿಕ್, ತೋಟದ ಒಳಗಿನಿಂದ ಕೆಂಬೂತದ ಗಂಭೀರ ಊಪ್ ಊಪ್. ಕಂಗಿನ ಬುಡದಲ್ಲಿ ಒಣ ಎಲೆ ಮಗುಚುತ್ತಾ ಏಳೆಂಟು ಹರಟೆಮಲ್ಲಗಳು ಒಂದೇ ಸಮನೆ ಜಗಳ ಆಡುತ್ತವೆ. ಮದುವೆ ಮನೆಯ ಅಡುಗೆಕೋಣೆಯ ಹಾಗೆ.

ಇದರಿಂದ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಮಾಹಿತಿ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1,292 ಜನರಿಗೆ ಮೊಬೈಲ್ ಆಪ್ ಕೊಟ್ಟು, ದಿನಕ್ಕೆ ಮೂರು ಸಲ, ಈಗ ಹಕ್ಕಿ ಕಾಣುತ್ತಿದೆಯೇ, ದನಿ ಕೇಳುತ್ತಿದೆಯೇ, ಮನಸ್ಸು ಹೇಗಿದೆ ಎಂದು ಕೇಳಿದರು. ಹಕ್ಕಿ ಕಂಡಾಗ, ಕೇಳಿದಾಗ ಮನಸ್ಸು ಹಗುರವಾಗಿತ್ತು. ಅದರ ಪರಿಣಾಮ ಎಂಟು ಗಂಟೆಯವರೆಗೂ ಉಳಿಯಬಹುದು ಅಂತ ಕಂಡುಬಂತು. ಖಿನ್ನತೆ ಇರುವವರಲ್ಲೂ ಹಾಗೆಯೇ.

ನಮ್ಮ ಊರಿನಲ್ಲಿ ಹಕ್ಕಿ ಕೇಳಿಸುವುದಕ್ಕೆ ಬೇರೆಯೇ ಒಂದು ಅರ್ಥವೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಮನುಷ್ಯರಿಗೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಜೇನುನೊಣ ಸತ್ತಿತ್ತು, ತೋಡಿನ ಮೀನು, ಕಪ್ಪೆ ಸತ್ತಿತ್ತು. ತೋಟ ಮೌನವಾಗಿತ್ತು ಅಂತ ಎಣ್ಮಕಜೆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಮಳೆಗಾಲದ ರಾತ್ರಿ ಕಪ್ಪೆ ವಟಗುಟ್ಟಿ ನಿದ್ದೆ ಬರುವುದಿಲ್ಲ ಅಂತ ನೆಂಟರು ದೂರಿದರೆ ನನಗೆ ಒಳಗೊಳಗೇ ಖುಷಿ.

ಆಮೇಲೆ ನೀರಿಡಿ

ಕಾಳು ಬೇಡ, ನೀರು ಸಾಕು. ಕಾಳು ಹಾಕಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ನಮ್ಮಲ್ಲಿ ಇಲಿಜ್ವರದ ಕಾಟ ಮೊದಲೇ ಇದೆ.

ಒಂದು ಅಗಲ ಬಾಯಿಯ ಮಣ್ಣಿನ ಚಟ್ಟಿ ತನ್ನಿ. ಎರಡು ಇಂಚಿಗಿಂತ ಜಾಸ್ತಿ ನೀರು ಬೇಡ. ನಡುವೆ ಒಂದು ಕಲ್ಲು ಇಡಿ, ಜೇನುನೊಣ, ಚಿಕ್ಕ ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತವೆ. ನೆರಳಿನಲ್ಲಿರಲಿ, ಆದರೆ ಪೊದೆಗೆ ತಾಗಿಕೊಂಡಿರಬಾರದು. ಬೆಕ್ಕು ಹೊಂಚು ಹಾಕುವುದು ಅಲ್ಲಿಂದಲೇ.

ನೀರನ್ನು ದಿನಾ ಚೆಲ್ಲಿ, ಚಟ್ಟಿಯ ಒಳಗೆ ತೆಂಗಿನ ಸಿಪ್ಪೆಯಿಂದ ಉಜ್ಜಿ, ಹೊಸ ನೀರು ಹಾಕಿ. ಇದನ್ನು ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆ ಆಗುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿನ ಕಥೆಯೂ ಇದೇ. ಚಟ್ಟಿ ತೊಳೆಯಲು ಎದ್ದವರು ನಾಲ್ಕು ಹಾಳೆಯನ್ನೂ ಮಗುಚಿ ಬನ್ನಿ.

ಚಿಕ್ಕಮ್ಮನಿಗೆ ನಾನು ಕೊಟ್ಟ ಮೊದಲ ಕೆಲಸ ಇದೇ. ಮೂರನೇ ವಾರ ಅವರೇ ಫೋನ್ ಮಾಡಿದರು. ಸಾಮಾನ್ಯವಾಗಿ ಅವರು ಫೋನ್ ಮಾಡುವವರಲ್ಲ. "ಒಂದು ಹಕ್ಕಿ ಬಂದು ಮಿಂದಿತು ಗೊತ್ತಾ. ತಲೆ ಮೇಲೆ ಜುಟ್ಟು, ಬಾಲದ ಬುಡ ಕೆಂಪು. ಮೂರು ಸಲ ಮುಳುಗಿ, ರೆಕ್ಕೆ ಕೊಡವಿ, ನನ್ನನ್ನೇ ನೋಡಿತು." ಪಿಕಳಾರ ಅಂತ ಹೇಳಿದೆ. ಹೆಸರನ್ನು ಎರಡು ಸಲ ಹೇಳಿಸಿಕೊಂಡು ಕ್ಯಾಲೆಂಡರಿನಲ್ಲಿ ಬರೆದುಕೊಂಡರು.

ಹೆಸರು ಗೊತ್ತಾದರೆ ನಂಟು ಬೆಳೆಯುತ್ತದೆ

ಹಾಗಾಗಿ ಮೂರನೇ ಹೆಜ್ಜೆ ಹೆಸರು. ಒಂದು ಹಳೆ ನೋಟ್‌ಬುಕ್ ಸಾಕು. ದಿನಾಂಕ, ಹೊತ್ತು, ಕಂಡದ್ದು. ಗೊತ್ತಿಲ್ಲದಿದ್ದರೆ "ಉದ್ದ ಬಾಲ, ಕರಿ, ಬಾಲ ಕವಲು" ಅಂತ ಬರೆಯಿರಿ. ಆಮೇಲೆ ಯಾರೋ ಕಾಜಾಣ ಅಂತ ಹೇಳುತ್ತಾರೆ. ನಮ್ಮ ಕಾಸರಗೋಡಿನಲ್ಲಿ ಒಂದು ಹಕ್ಕಿಗೆ ಮೂರು ಹೆಸರು ಸಿಗುವುದು ಒಂದು ಮಜಾ. ಕನ್ನಡದ ಕೆಂಬೂತವೇ ಮಲಯಾಳದಲ್ಲಿ ಚೆಂಬೋತ್ತ್, ತುಳುವಿನಲ್ಲಿ ಕುಪ್ಪುಲು. ಪಕ್ಕದ ಮನೆಯವರ ಹತ್ತಿರ ಹೆಸರು ಕೇಳಲು ಹೋದರೆ ಅರ್ಧ ಗಂಟೆ ಮಾತೂ ಆಗುತ್ತದೆ. ಒಬ್ಬರೇ ಇರುವವರಿಗೆ ಆ ಮಾತು ಹಕ್ಕಿಗಿಂತ ದೊಡ್ಡ ಔಷಧ.

ಮೊಬೈಲ್ ಬಳಸುವವರು ಮರ್ಲಿನ್ ಎಂಬ ಉಚಿತ ಆಪ್ ಹಾಕಿಕೊಳ್ಳಬಹುದು. ಹಕ್ಕಿಯ ದನಿ ಕೇಳಿಸಿದರೆ ಹೆಸರು ಹೇಳುತ್ತದೆ. ಅದು ಹೇಳಿದ್ದೆಲ್ಲ ಸರಿ ಅಂತಲ್ಲ, ಕಣ್ಣಿಂದ ನೋಡಿ ಖಚಿತ ಮಾಡಿಕೊಳ್ಳಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದ ಎಲ್ಲಾ ಕಡೆ ಹಿತ್ತಲಿನ ಹಕ್ಕಿ ಎಣಿಸುತ್ತಾರೆ. ಕಾಲು ಗಂಟೆ ಎಣಿಸಿದರೂ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳಿದ್ದರೆ ಅವರ ಕೈಗೆ ಪೆನ್ ಕೊಡಿ.

ಅಂಗಳ ಸಾಲದು ಅನಿಸಿದಾಗ ಕುಂಬಳೆ ಹತ್ತಿರದ ಕಿದೂರಿಗೆ ಹೋಗಿ ಬನ್ನಿ. ಹಕ್ಕಿಗಳ ಊರು ಅಂತಲೇ ಹೆಸರಾದ ಜಾಗ. ಮುರಕಲ್ಲಿನ ಗುಡ್ಡೆ, ಕುರುಚಲು ಕಾಡು, ಮಧ್ಯೆ ನೀರಿನ ಪಳ್ಳ. ಬೆಳಿಗ್ಗೆ ಬೇಗ ಹೋಗಬೇಕು, ಹತ್ತು ಗಂಟೆಗೆ ಹೋದರೆ ಬಿಸಿಲು ಮಾತ್ರ ಸಿಗುತ್ತದೆ. ಕಡಲ ಕರೆಗೆ ಹೋದರೆ ತಲೆ ಎತ್ತಿ ನೋಡಿ. ಬಿಳಿಹೊಟ್ಟೆಯ ಕಡಲ ಹದ್ದು ಕಾಸರಗೋಡು ಜಿಲ್ಲೆಯ ಅಧಿಕೃತ ಹಕ್ಕಿ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಆದ ಹಕ್ಕಿ, ಮರ, ಹೂ, ಪ್ರಾಣಿ ಅಂತ ಘೋಷಿಸಿಕೊಂಡಿತು. ಮರ ಯಾವುದು ಅಂದರೆ ಕಾಸರಕ. ಊರಿನ ಹೆಸರು ಅದರಿಂದಲೇ ಬಂತು ಅಂತಾರಲ್ವಾ.

ಇಲ್ಲೊಂದು ಮಾತು ಹೇಳಲೇಬೇಕು. ಕಾಡುಪ್ರಾಣಿ ಎಲ್ಲರಿಗೂ ನೆಮ್ಮದಿ ತರುವುದಿಲ್ಲ. ದೇಲಂಪಾಡಿ, ಕಾರಡ್ಕ ಕಡೆ ರಾತ್ರಿ ಆನೆ ಬಂದು ಬಾಳೆ ಮುರಿದು ಹೋದ ತೋಟದವರ ಮುಂದೆ ಕೂತು ವನ್ಯಜೀವಿಯ ಸೊಗಸನ್ನು ವರ್ಣಿಸಿದರೆ ಬೈಗುಳ ತಿನ್ನುತ್ತೀರಿ. ಅದು ನ್ಯಾಯವೇ. ಮಂಗಗಳಿಗೆ ಬಿಸ್ಕಿಟ್ ಹಾಕಬೇಡಿ. ಇವತ್ತು ನಿಮ್ಮ ಕೈಯಿಂದ ತಿಂದದ್ದು ನಾಳೆ ನೆರೆಯವರ ಎಳನೀರು ಕೀಳುತ್ತದೆ. ಹಾವು ಮನೆಯೊಳಗೆ ಬಂದರೆ ಕೋಲು ಹುಡುಕುವ ಬದಲು ಕೇರಳ ಅರಣ್ಯ ಇಲಾಖೆಯ 'ಸರ್ಪ' ಆಪ್ ತೆರೆಯಿರಿ, ಹತ್ತಿರದ ತರಬೇತಿ ಪಡೆದವರ ನಂಬರ್ ಸಿಗುತ್ತದೆ.

ಸಾಕಬೇಕಾ? ಮೊದಲು ಇಷ್ಟಕ್ಕೆ ಉತ್ತರ ಹೇಳಿ

ನೀರಿಡುವುದು ಎರಡು ಮೂರು ತಿಂಗಳು ತಪ್ಪದೆ ನಡೆದರೆ ಮಾತ್ರ ಮುಂದಕ್ಕೆ ಬನ್ನಿ. ಚಟ್ಟಿ ತೊಳೆಯಲು ಬೇಜಾರು ಬಂದವರಿಗೆ ನಾಯಿ ಬೇಡ.

ಪುತ್ತೂರಿನಲ್ಲಿ ಮದುವೆ, ಎರಡು ದಿನ ಮನೆಯಲ್ಲಿ ಯಾರೂ ಇಲ್ಲ. ಅನ್ನ ಹಾಕುವವರು ಯಾರು? ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ನಿಮಗೀಗ ಎಪ್ಪತ್ತು ಆದರೆ, ಆಮೇಲೆ ನೋಡಿಕೊಳ್ಳುವವರು ಒಪ್ಪಿದ್ದಾರಾ? ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಲು ರಿಕ್ಷಾದವರು ಬರುತ್ತಾರಾ? ಕೆಲವರು ನಾಯಿ ಹತ್ತಿಸುವುದಿಲ್ಲ, ಮೊದಲೇ ಕೇಳಿಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ದಮ್ಮು ಇದ್ದರೆ, ರೋಮ ಆಗುತ್ತದಾ ಅಂತ ನಾಯಿ ಅಥವಾ ಬೆಕ್ಕು ಇರುವ ನೆಂಟರ ಮನೆಯಲ್ಲಿ ಒಂದು ದಿನ ಕೂತು ನೋಡಿ.

ಗಿಳಿ ಸಾಕುವ ಆಸೆ ಇದ್ದರೆ ಬಿಟ್ಟುಬಿಡಿ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ. ಅಜ್ಜನ ಕಾಲದಲ್ಲಿ ಇತ್ತಲ್ಲ ಅಂತ ವಾದ ಮಾಡಿದರೆ ಫಾರೆಸ್ಟಿನವರು ಕೇಳುವುದಿಲ್ಲ.

ಯಾವುದು ಯಾರಿಗೆ

ಮಂಡಿನೋವಿನವರಿಗೆ, ಫ್ಲಾಟಿನಲ್ಲಿ ಇರುವವರಿಗೆ ಬೆಕ್ಕು ಒಳ್ಳೆಯದು. ಅದಕ್ಕೆ ನಿಮ್ಮ ಗಮನ ದಿನವಿಡೀ ಬೇಡ. ಬೇಕಾದಾಗ ಅದೇ ಬಂದು ಮಡಿಲೇರುತ್ತದೆ. ಗರ್ಭಿಣಿಯರು ಬೆಕ್ಕಿನ ಹೊಲಸು ತೆಗೆಯಬಾರದು, ಆ ಕೆಲಸ ಬೇರೆಯವರು ಮಾಡಲಿ. ಕೋಳಿಯನ್ನು ಜನ ಮೊಟ್ಟೆಗೆ ಮಾತ್ರ ಅಂದುಕೊಂಡಿದ್ದಾರೆ. ನಾಲ್ಕು ಊರಕೋಳಿ ಗೂಡಿನಿಂದ ಬಿಟ್ಟಾಗ ಅಂಗಳಕ್ಕೆ ಬರುವ ಗಡಿಬಿಡಿಯನ್ನು ನೋಡಬೇಕು. ಆದರೆ ನರಿ, ಮುಂಗುಸಿ ಇದ್ದದ್ದೇ. ಸಂಜೆ ಗೂಡಿನ ಬಾಗಿಲು ಹಾಕಲು ಮರೆತ ದಿನ ಬೆಳಿಗ್ಗೆ ಪುಕ್ಕ ಮಾತ್ರ ಉಳಿಯುತ್ತದೆ.

ನಾಯಿ ಬೇಕಾದರೆ ಊರ ನಾಯಿಮರಿಯೇ ಸಾಕು. ರೋಮ ಜಾಸ್ತಿ ಇರುವ ವಿದೇಶಿ ತಳಿ ನಮ್ಮ ಸೆಕೆಗೂ ಮಳೆಗೂ ಒಗ್ಗುವುದಿಲ್ಲ. ನೋಡುವಾಗಲೇ ಪಾಪ ಅನಿಸುತ್ತದೆ.

ಹಟ್ಟಿ ಇದ್ದವರಿಗೆ ನನ್ನ ಮೊದಲ ಸಲಹೆ ಕಾಸರಗೋಡು ಗಿಡ್ಡ. ಸೊಂಟದ ಎತ್ತರದ ಪುಟ್ಟ ದನ. ಹಾಲು ದಿನಕ್ಕೆ ಒಂದೋ ಎರಡೋ ಲೀಟರ್. ಲಾಭದ ಲೆಕ್ಕ ಹಾಕುವವರಿಗೆ ಇದಾಗದು. ಮೇವು ಕಡಿಮೆ ಸಾಕು, ಗುಡ್ಡೆಗೆ ಬಿಟ್ಟರೆ ಮೇಯ್ದು ಸಂಜೆ ತಾನೇ ಬರುತ್ತದೆ. ನಮ್ಮ ಮಳೆ, ನಮ್ಮ ಉಣ್ಣಿ ಎಲ್ಲಾ ತಡೆದುಕೊಳ್ಳುತ್ತದೆ. ಈ ತಳಿ ಉಳಿಸಲೆಂದೇ ಬದಿಯಡ್ಕದಲ್ಲಿ ಕೇರಳ ಪಶುಸಂಗೋಪನಾ ಇಲಾಖೆಯ ಫಾರ್ಮ್ ಇದೆ. ತರುವ ಮೊದಲು ಒಮ್ಮೆ ಹೋಗಿ ನೋಡಿ. ವಯಸ್ಸಾದವರಿಗೆ ಇದು ಯಾಕೆ ಸರಿ ಅಂದರೆ, ಹಗ್ಗ ಹಿಡಿದರೆ ಎಳೆದುಕೊಂಡು ಹೋಗುವಷ್ಟು ತೂಕ ಇದಕ್ಕಿಲ್ಲ.

ಗಂಗೆದೊಗಲು ತುರಿಸುವುದನ್ನು ಕಲಿಯಿರಿ. ಕುತ್ತಿಗೆಯ ಕೆಳಗೆ ಜೋತಾಡುವ ಮೆತ್ತನೆಯ ಚರ್ಮ ಇದೆಯಲ್ಲ, ಅಲ್ಲಿ ಬೆರಳ ತುದಿಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತುರಿಸಬೇಕು. ಮೊದಲು ಕಿವಿ ಹಿಂದಕ್ಕೆ ಹೋಗುತ್ತದೆ. ಆಮೇಲೆ ಕುತ್ತಿಗೆ ಉದ್ದವಾಗುತ್ತದೆ, ಗಲ್ಲ ಮೇಲಕ್ಕೇಳುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ನಿಲ್ಲಿಸಿದರೆ ಮೂತಿಯಿಂದ ಕೈಯನ್ನು ದೂಡಿ ಇನ್ನೂ ತುರಿಸು ಅನ್ನುತ್ತದೆ. ಆ ಹೊತ್ತಿಗೆ ನಿಮ್ಮ ಉಸಿರೂ ನಿಧಾನ ಆಗಿರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ದನಕ್ಕೆ ಒರಗಿ ಕೂರಲು ಜನ ದುಡ್ಡು ಕೊಟ್ಟು ಬರುತ್ತಾರೆ ಅಂತ ಚಿಕ್ಕಮ್ಮನಿಗೆ ಹೇಳಿದೆ. "ಸೆಗಣಿಯನ್ನೂ ಅವರೇ ಬಾಚುತ್ತಾರಾ?" ಅಂದರು.

ಇಂಜೆಕ್ಷನ್ ವಿಷಯದಲ್ಲಿ ನನ್ನ ಹಾಗೆ ಮಾಡಬೇಡಿ

ಚಿಕ್ಕಮ್ಮನ ಮನೆಗೆ ನಾನು ತಂದುಕೊಟ್ಟ ಮೊದಲ ನಾಯಿಮರಿ ಒಂದು ತಿಂಗಳೂ ಉಳಿಯಲಿಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿ, ಮುಂದಿನ ವಾರ ಲಸಿಕೆ ಹಾಕಿಸಿದರಾಯಿತು ಅಂತ ಮುಂದೂಡಿದೆ. ವಾಂತಿ, ರಕ್ತಭೇದಿ ಶುರುವಾಯಿತು. ಪಾರ್ವೊ ಅಂದರು ಡಾಕ್ಟರು, ನಾಯಿಮರಿಗಳಿಗೆ ಬರುವ ಅಂಟುರೋಗ. ಮೂರನೇ ದಿನ ಮುಗಿಯಿತು. ಮನಸ್ಸಿಗೆ ಸಮಾಧಾನ ಆಗಲಿ ಅಂತ ತಂದದ್ದು ಎರಡನೇ ಸಾವನ್ನು ತೋರಿಸಿತು. ತಪ್ಪು ಪೂರ್ತಿ ನನ್ನದೇ.

ಮರಿಗೆ ಆರರಿಂದ ಎಂಟು ವಾರ ಆಗುವಾಗ ಮೊದಲ ಲಸಿಕೆ ಬೇಕು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳಾಗುವವರೆಗೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ನಂತರ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ. ಬೆಕ್ಕಿಗೂ ಹಾಕಿಸಿ, ಜನ ಮರೆಯುವುದು ಬೆಕ್ಕನ್ನೇ. ಲಸಿಕೆಯ ಕಾರ್ಡು ತೋರಿಸಿ ಪಂಚಾಯತಿನಿಂದ ನಾಯಿಗೆ ಲೈಸನ್ಸ್ ಮಾಡಿಸಿಕೊಳ್ಳಿ.

ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ, ಅದು ನಿಮ್ಮದೇ ಮುದ್ದಿನ ಪ್ರಾಣಿ ಆದರೂ, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸು ಏನೂ ಹಚ್ಚಬೇಡಿ. ನೇರ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಮತ್ತೆ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯಕ್ಕೆ ಬೇರೆ ಇಂಜೆಕ್ಷನ್ ಕೂಡ ಬೇಕಾಗುತ್ತದೆ. ಎರಡು ಹಾಕಿಸಿಕೊಂಡೆ, ಸಾಕು ಅಂತ ಬಿಡುವವರಿದ್ದಾರೆ. ಹುಚ್ಚುನಾಯಿ ರೋಗ ಬಂದ ಮೇಲೆ ಮದ್ದಿಲ್ಲ.

ಮಳೆಗಾಲದಲ್ಲಿ ಹಟ್ಟಿಗೆ ಬರಿಗಾಲಲ್ಲಿ ಹೋಗಬೇಡಿ. ಕಾಲಿನಲ್ಲಿ ಗಾಯ ಇದ್ದರಂತೂ ಬೂಟು ಬೇಕೇ ಬೇಕು, ಇಲಿಜ್ವರ ಬರುವುದು ಅಂಥ ದಾರಿಯಿಂದಲೇ.

ದಿನಚರಿಗೆ ಕಟ್ಟಿಹಾಕಿ

ಎರಡನೇ ಮರಿ ಬದುಕಿತು. ಕರಿಯ ಅಂತ ಹೆಸರು, ಬಣ್ಣ ಮಾತ್ರ ಕಂದು. ಚಿಕ್ಕಮ್ಮನ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದೆವು. ಬೆಳಿಗ್ಗೆ ಚಟ್ಟಿ ನೀರು, ದನಕ್ಕೆ ಅಕ್ಕಚ್ಚು, ಕರಿಯನ ಜೊತೆ ಗೇಟಿನವರೆಗೆ. ಸಂಜೆ ನಾಲ್ಕೂವರೆಗೆ ಗುಡ್ಡೆ ಬದಿಗೆ ಇಪ್ಪತ್ತು ನಿಮಿಷ ನಡಿಗೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಹತ್ತು ನಿಮಿಷ, ಟಿವಿ ಇಲ್ಲದೆ, ಕರಿಯನ ತಲೆ ಸವರುತ್ತಾ.

ಆ ಹತ್ತು ನಿಮಿಷ ನಾನು ಸುಮ್ನೆ ಹೇಳಿದ್ದಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 249 ವಿದ್ಯಾರ್ಥಿಗಳಿದ್ದರು. ಕೆಲವರು ಹತ್ತು ನಿಮಿಷ ನಾಯಿ ಬೆಕ್ಕುಗಳನ್ನು ಮುಟ್ಟಿ ಸವರಿದರು, ಕೆಲವರು ಬೇರೆಯವರು ಸವರುವುದನ್ನು ದೂರದಿಂದ ನೋಡಿದರು, ಕೆಲವರಿಗೆ ಚಿತ್ರ ಮಾತ್ರ ತೋರಿಸಿದರು. ಒತ್ತಡ ಇದ್ದಾಗ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಜೊಲ್ಲಿನಲ್ಲಿ ಅಳೆದರೆ, ಮುಟ್ಟಿ ಸವರಿದವರಲ್ಲಿ ಅದು ಕಡಿಮೆ ಇತ್ತು. ಮೊಬೈಲಿನಲ್ಲಿ ನಾಯಿಯ ರೀಲ್ಸ್ ನೋಡಿ ಅದೇ ಲಾಭ ಸಿಗಬಹುದು ಅಂದುಕೊಂಡವರು ಇದನ್ನು ಗಮನಿಸಿ.

ಮುಟ್ಟಲು ಹೆದರುವ ಮಕ್ಕಳನ್ನು ಒತ್ತಾಯಿಸಬೇಡಿ. ಪ್ರಾಣಿಯ ಹತ್ತಿರ ಅಡ್ಡ ತಿರುಗಿ ಕೂರಿಸಿ, ಮುಷ್ಟಿ ಮುಚ್ಚಿ ಚಾಚಲು ಹೇಳಿ. ಅದೇ ಬಂದು ಮೂಸಲಿ. ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಈ ಮೂರರ ಹತ್ತಿರ ಮಕ್ಕಳು ಹೋಗಬಾರದು.

ವರ್ಷಕ್ಕೊಮ್ಮೆ ದೂರ ಹೋಗಲು ಮನಸ್ಸಿದ್ದರೆ ನೀಲೇಶ್ವರದ ತೈಕಡಪ್ಪುರಂ ಕಡಲ ಕರೆಗೆ ಹೋಗಿ. ಚಳಿಗಾಲದಲ್ಲಿ ಅಲ್ಲಿ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆ ಇಡುತ್ತವೆ. ಊರಿನವರು ಅದನ್ನು ಕಾಪಾಡುತ್ತಾರೆ. ನಲವತ್ತೈದರಿಂದ ಅರವತ್ತು ದಿನಕ್ಕೆ ಮರಿಗಳು ಹೊರಗೆ ಬರುತ್ತವೆ. ಬಿಡುವ ದಿನ ವಿಚಾರಿಸಿಕೊಂಡು ಹೋಗಿ. ಟಾರ್ಚ್, ಫ್ಲ್ಯಾಶ್ ಬೇಡ, ಬೆಳಕು ಕಂಡರೆ ಮರಿಗಳಿಗೆ ಕಡಲಿನ ದಿಕ್ಕು ತಪ್ಪುತ್ತದೆ.

ಇಷ್ಟರಿಂದ ಆಗದಿದ್ದರೆ

ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎರಡು ವಾರ ಕಳೆದರೂ ಹಾಗೆಯೇ, ಬದುಕುವುದೇ ಬೇಡ ಅನಿಸುತ್ತಿದೆ ಅಂತಾದರೆ ನಾಯಿ, ಹಕ್ಕಿ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಡಾಕ್ಟರು ಮಾತ್ರೆ ಕೊಟ್ಟಿದ್ದರೆ, ದನ ತಂದೆ ಅಂತ ಮಾತ್ರೆ ಬಿಡಬೇಡಿ. ಚಿಕ್ಕಮ್ಮ ಈಗಲೂ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ.

ಪ್ರಾಣಿ ಸತ್ತಾಗ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಳು ಬಂದರೆ ಅಳಿ. "ಒಂದು ನಾಯಿಗೆ ಇಷ್ಟೆಲ್ಲಾ ಯಾಕೆ" ಅಂತ ಕೇಳುವವರು ಇರುತ್ತಾರೆ. ಅವರಿಗೆ ಅನಂತಪುರದ ಬಬಿಯಾನ ಕಥೆ ಹೇಳಿ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಆ ಮೊಸಳೆ ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. 2022ರ ಅಕ್ಟೋಬರ್ 9ರ ರಾತ್ರಿ ಅದು ಸತ್ತಾಗ ಕೊನೆಯ ಸಲ ನೋಡಲು ಜನ ಸಾಲುಗಟ್ಟಿ ಬಂದರು. ಹೂ ಹಾಕಿದರು, ಕಣ್ಣೊರೆಸಿಕೊಂಡರು, ದೇವಸ್ಥಾನದ ಜಾಗದಲ್ಲೇ ಹೂತರು.

ನಿಮ್ಮ ಪ್ರಾಣಿಯನ್ನು ಬಾವಿ, ನೀರಿನ ಸುರಂಗ, ತೋಡಿನಿಂದ ದೂರ, ಆಳವಾಗಿ ಹೂಳಿ. ಬೀದಿನಾಯಿ ಕೆದಕದ ಹಾಗೆ ಮೇಲೆ ಕಲ್ಲು ಹೇರಿ. ತಟ್ಟೆ, ಹಗ್ಗ, ಮಲಗುತ್ತಿದ್ದ ಗೋಣಿಯನ್ನು ಅದೇ ದಿನ ಬಿಸಾಡಬೇಡಿ. ಆದರೆ ಸತ್ತದ್ದು ಪಾರ್ವೊದಂಥ ಅಂಟುರೋಗದಿಂದ ಆದರೆ ಗೋಣಿಯನ್ನು ಸುಟ್ಟುಬಿಡಿ, ತಟ್ಟೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ, ಅದೇ ಜಾಗಕ್ಕೆ ಲಸಿಕೆ ಪೂರ್ತಿ ಆಗದ ಮರಿ ತರಬೇಡಿ.

ಖಾಲಿ ಜಾಗ ನೋಡಲಾಗದೆ ಮರುದಿನವೇ ಇನ್ನೊಂದು ತರಲು ಹೊರಡುವವರಿದ್ದಾರೆ. ಸ್ವಲ್ಪ ತಡೆಯಿರಿ. ಆ ದಿನಗಳಲ್ಲಿ ಚಟ್ಟಿ ನೀರು ಮಾತ್ರ ನಿಲ್ಲಿಸಬೇಡಿ. ಅನಂತಪುರದ ಕೆರೆ ಒಂದು ವರ್ಷಕ್ಕಿಂತ ಜಾಸ್ತಿ ಖಾಲಿ ಇತ್ತು. 2023ರ ನವೆಂಬರಿನಲ್ಲಿ ಅಲ್ಲಿ ಇನ್ನೊಂದು ಮೊಸಳೆ ಕಂಡಿತು. ಯಾರೂ ತಂದು ಬಿಟ್ಟದ್ದಲ್ಲ ಅಂತಾರೆ ಊರವರು.